ಸಾಫ್ಟ್‌ವೇರ್‌ಗೆ ಯಾಕೆ ದುಡ್ಡು ಕೊಡಬೇಕು? ಪದೇ ಪದೇ ಕೇಳುವ ಪ್ರಶ್ನೆಗಳು

ಮಾತುಕತೆಯಲ್ಲಿ, ಪತ್ರಗಳಲ್ಲಿ ಮತ್ತೆ ಮತ್ತೆ ಎದುರಾಗುವ ಪ್ರಶ್ನೆಗಳನ್ನು ಕೇಳಿದವರ ಮಾತಿನಲ್ಲೇ ಇಟ್ಟಿದ್ದೇವೆ. ಮೊದಲು ಸಾಮಾನ್ಯ ಬಳಕೆದಾರರವು, ಕೊನೆಗೆ ಕಚೇರಿ ನಡೆಸುವವರವು ಮತ್ತು ತಂತ್ರಾಂಶ ಬರೆಯುವವರವು. ಯಾವುದನ್ನಾದರೂ ಬಿಡಿಯಾಗಿ ಓದಬಹುದು.

## ಮೊದಲ ಪ್ರಶ್ನೆಗಳು

ಕೈಯಲ್ಲಿ ದುಡ್ಡಿರೋರೂ ಸಾಫ್ಟ್‌ವೇರ್ ಅಂದ ತಕ್ಷಣ ಹಿಂದೆ ಸರೀತಾರಲ್ಲ, ಯಾಕೆ?

ದುಡ್ಡಿಲ್ಲದಿರುವುದು ಒಂದು ಕಾರಣ ಹೌದು, ಆದರೆ ಅದೊಂದೇ ಅಲ್ಲ. ಪ್ರಿಂಟರ್‌ಗೆ, ಮಾನಿಟರ್‌ಗೆ ತಕರಾರಿಲ್ಲದೆ ಹಣ ಎಣಿಸುವವರೇ ಅದೇ ಯಂತ್ರದೊಳಗಿನ ತಂತ್ರಾಂಶದ ಬೆಲೆ ಕೇಳಿ ಹುಬ್ಬೇರಿಸುತ್ತಾರೆ.

ಒಬ್ಬರ ಮನೆಯಿಂದ ಕುರ್ಚಿ ಎತ್ತಿಕೊಂಡು ಹೋದರೆ ಅವರು ನೆಲದ ಮೇಲೆ ಕೂರಬೇಕಾಗುತ್ತದೆ. ತಂತ್ರಾಂಶವನ್ನು ನಕಲು ಮಾಡಿಕೊಂಡರೆ ಯಾರ ಮನೆಯಲ್ಲೂ ಏನೂ ಕಡಿಮೆಯಾದಂತೆ ಕಾಣುವುದಿಲ್ಲ. ಹಾಗಾಗಿ ಕದ್ದೆ ಎಂಬ ಅಳುಕು ಹುಟ್ಟುವುದೇ ಇಲ್ಲ. ಇನ್ನೊಂದು, ಬಹುತೇಕರ ಮೊದಲ ಕಂಪ್ಯೂಟರಿನಲ್ಲಿ ಆಪರೇಟಿಂಗ್ ಸಿಸ್ಟಮ್ ಮೊದಲೇ ಕೂತಿರುತ್ತದೆ, ಅದರ ಬೆಲೆ ಯಂತ್ರದ ಬೆಲೆಯೊಳಗೆ ಕರಗಿಹೋಗಿರುತ್ತದೆ. ಬೆಲೆಯೇ ಕಣ್ಣಿಗೆ ಬೀಳದ ವಸ್ತುವಿಗೆ ಬೆಲೆ ಇದೆಯೆಂದು ಮನಸ್ಸು ಒಪ್ಪುವುದು ನಿಧಾನ. ಕೊಂಡ ಮೇಲಷ್ಟೇ ಗುಣ ತಿಳಿಯುವ ವಸ್ತು ಇದು ಎಂಬ ಅನುಮಾನ ಬೇರೆ.

ನಮ್ಮ ಲೆಕ್ಕದಲ್ಲಿ ಇವೆಲ್ಲಕ್ಕಿಂತ ಭಾರವಾದ ಕಾರಣ ಒಂದಿದೆ: ಕೊಳ್ಳುವುದೇ ಒಂದು ಕಿರಿಕಿರಿ. ಖಾತೆ ತೆರೆಯಬೇಕು, ಕಾರ್ಡ್ ಸಂಖ್ಯೆ ಕೊಡಬೇಕು, ಬೇರೆ ದೇಶದ ಹಣದಲ್ಲಿ ಪಾವತಿಯೆಂದರೆ ಕಾರ್ಡ್ ತಿರಸ್ಕಾರವಾಗಬಹುದು, ತಾನಾಗಿ ನವೀಕರಣವಾಗುವ ಚಂದಾ ನಿಲ್ಲಿಸಲು ಪುಟದಿಂದ ಪುಟಕ್ಕೆ ಅಲೆಯಬೇಕು, ಕೊಂಡವರಿಗೆ ಕೊಡುವ ಗುಟ್ಟಿನ ಸಂಖ್ಯೆಯನ್ನು, ಅಂದರೆ ಕೀಯನ್ನು, ಹಾಕಿದ ಮೇಲೂ ಆಕ್ಟಿವೇಷನ್ (ತಯಾರಕರ ಒಪ್ಪಿಗೆ) ಆಗದಿರಬಹುದು. ಲೈಸೆನ್ಸ್ ಪರಿಶೀಲನೆಯನ್ನು ಮುರಿಯುವ ಕ್ರ್ಯಾಕ್ ಆದರೋ ಎರಡು ಕ್ಲಿಕ್. ಕೊಡುವುದಕ್ಕಿಂತ ಕೊಡದಿರುವುದು ಸುಲಭವಾಗಿದ್ದಾಗ ಜನ ಸುಲಭವಾದದ್ದನ್ನೇ ಹಿಡಿಯುತ್ತಾರೆ. ಮುಂದಿನ ಹಲವು ಉತ್ತರಗಳು ಈ ಒಂದು ಮಾತಿಗೇ ಬಂದು ಮುಟ್ಟುತ್ತವೆ.

ಮೊದಲಿಂದಲೂ ಹೀಗೇನಾ, ಇಲ್ಲ ಇಂಟರ್ನೆಟ್ ಬಂದ ಮೇಲೆ ಕೆಟ್ಟಿದ್ದಾ?

ಇಂಟರ್ನೆಟ್ಟಿನ ಮೇಲೆ ತಪ್ಪು ಹೊರಿಸಲಾಗದು. ಮೊದಮೊದಲು ತಂತ್ರಾಂಶಕ್ಕೆ ಬೇರೆಯಾಗಿ ಬೆಲೆ ಕಟ್ಟುವ ರೂಢಿಯೇ ಅಪರೂಪವಾಗಿತ್ತು. ದೊಡ್ಡ ಯಂತ್ರ ಕೊಂಡವರಿಗೆ, ಬಾಡಿಗೆಗೆ ಪಡೆದವರಿಗೆ ಅದು ಜೊತೆಯಲ್ಲೇ ಬರುತ್ತಿತ್ತು. 1969ರ ಜೂನ್‌ನಲ್ಲಿ ಐಬಿಎಂ ತಂತ್ರಾಂಶಕ್ಕೂ ಸೇವೆಗಳಿಗೂ ಪ್ರತ್ಯೇಕ ಬೆಲೆ ಇಡುವುದಾಗಿ ಘೋಷಿಸಿದ ಮೇಲೆ ತಂತ್ರಾಂಶವೆಂಬುದು ಸ್ವತಂತ್ರ ಸರಕಾಗಿ ಬೆಳೆಯಿತು.

1976ರ ಫೆಬ್ರುವರಿಯಲ್ಲಿ ಬಿಲ್ ಗೇಟ್ಸ್ ಹವ್ಯಾಸಿಗಳಿಗೆ ಒಂದು ಬಹಿರಂಗ ಪತ್ರ ಬರೆದರು. ಆಲ್ಟೇರ್ ಕಂಪ್ಯೂಟರಿಗಾಗಿ ತಮ್ಮ ಕಂಪನಿ ಬರೆದ ಬೇಸಿಕ್ ಭಾಷೆಯನ್ನು ಬಳಸುವವರು ಬಹಳ, ಆದರೆ ಆಲ್ಟೇರ್ ಇಟ್ಟುಕೊಂಡವರಲ್ಲಿ ಅದನ್ನು ಕೊಂಡವರು ಶೇ. 10ಕ್ಕಿಂತ ಕಡಿಮೆ ಎಂಬುದು ಅವರ ದೂರು. ಆಗ ನಕಲು ಓಡಾಡುತ್ತಿದ್ದುದು ರಂಧ್ರ ಕೊರೆದ ಕಾಗದದ ಸುರುಳಿಗಳಲ್ಲಿ. ಆಮೇಲೆ ಫ್ಲಾಪಿ, ಸಿಡಿ, ಪೆನ್‌ಡ್ರೈವ್ ಬಂದವು. ಹೊತ್ತು ತರುವ ಸಾಧನ ಬದಲಾಯಿತು, ಬೇರೇನೂ ಅಲ್ಲ.

ಫ್ರೀ, ಓಪನ್ ಸೋರ್ಸ್, ಶೇರ್‌ವೇರ್, ಟ್ರಯಲ್, ಎಲ್ಲಾ ಪುಕ್ಕಟೆ ತಾನೆ?

ಅಲ್ಲ. ಇವನ್ನು ಒಂದೇ ಚೀಲಕ್ಕೆ ಹಾಕಿಕೊಂಡದ್ದರಿಂದಲೇ ಅರ್ಧ ಎಡವಟ್ಟು ಆಗುತ್ತದೆ.

ಫ್ರೀವೇರ್ ಎಂದರೆ ಬೆಲೆ ಇಲ್ಲ, ಆದರೆ ಹಕ್ಕೆಲ್ಲ ತಯಾರಕರದ್ದೇ. ಸೋರ್ಸ್ ಕೋಡ್ (ಪ್ರೋಗ್ರಾಮಿನ ಮೂಲ ಬರಹ) ಸಿಗುವುದಿಲ್ಲ, ಷರತ್ತುಗಳಿರುತ್ತವೆ. ಟ್ರಯಲ್‌ಗೆ ಅವಧಿ ಇದೆ. ಶೇರ್‌ವೇರ್ 1980ರ ದಶಕದ ಆರಂಭದ ಮಾದರಿ: ಆಂಡ್ರೂ ಫ್ಲೂಗಲ್‌ಮನ್ ಅವರ ಪಿಸಿ-ಟಾಕ್, ಬಾಬ್ ವಾಲೇಸ್ ಅವರ ಪಿಸಿ-ರೈಟ್ ಮುಂತಾದವು ಹೀಗೆಯೇ ಹಬ್ಬಿದವು. ನಕಲು ಮಾಡಿ ಹಂಚಿ, ಹಿಡಿಸಿದರೆ ಹಣ ಕಳಿಸಿ ಎಂಬುದು ಅದರ ಕರಾರು. ಕಡತ ಕುಗ್ಗಿಸುವ ವಿನ್‌ರಾರ್ ಇಂದಿಗೂ 40 ದಿನದ ಟ್ರಯಲ್ ಕೊಡುತ್ತದೆ, ದಿನ ಮುಗಿದ ಮೇಲೂ ಜ್ಞಾಪಿಸುತ್ತಾ ಕೆಲಸ ಮಾಡುತ್ತಲೇ ಇರುತ್ತದೆ. ಹಾಗೆಂದು ಅದು ಪುಕ್ಕಟೆಯಲ್ಲ, ಬಾಗಿಲಿಗೆ ಚಿಲಕ ಹಾಕಿಲ್ಲ ಅಷ್ಟೆ. ಪುಕ್ಕಟೆಯೇ ಬೇಕೆಂದರೆ 7-ಜಿಪ್ ಇದೆ.

ಓಪನ್ ಸೋರ್ಸ್, ಅಥವಾ ಸ್ವತಂತ್ರ ತಂತ್ರಾಂಶ, ಬೇರೆಯದೇ ಜಾತಿ. 1983ರಲ್ಲಿ ರಿಚರ್ಡ್ ಸ್ಟಾಲ್ಮನ್ ಗ್ನೂ ಯೋಜನೆ ಘೋಷಿಸಿದಾಗ ಹೇಳಿದ್ದು ಬಳಸುವ, ಬದಲಿಸುವ, ಹಂಚುವ ಹಕ್ಕಿನ ಮಾತು. ಬೆಲೆಯ ಮಾತಲ್ಲ. ಅದನ್ನು ಹಣಕ್ಕೆ ಮಾರುವುದಕ್ಕೂ ಅಡ್ಡಿಯಿಲ್ಲ. ಬಳಸುವವರಿಗೆ ಇದರಿಂದ ಸಿಗುವ ನೆಮ್ಮದಿಯೆಂದರೆ ಎಷ್ಟು ಯಂತ್ರಕ್ಕೆ ಬೇಕಾದರೂ ಹಾಕಬಹುದು, ಮನೆಗೂ ಸರಿ, ವ್ಯಾಪಾರಕ್ಕೂ ಸರಿ.

ನಾನು ಹೇಗೂ ಕೊಳ್ತಿರಲಿಲ್ಲ. ಕಾಪಿ ಮಾಡಿದ್ರೆ ಕಂಪನಿಗೆ ಏನು ನಷ್ಟ?

ಈ ವಾದದಲ್ಲಿ ತಿರುಳಿದೆ. ಪ್ರತಿ ನಕಲೂ ಒಂದು ಕೈತಪ್ಪಿದ ಮಾರಾಟವಲ್ಲ. ತಂತ್ರಾಂಶ ಕಂಪನಿಗಳ ಒಕ್ಕೂಟವಾದ ಬಿಎಸ್‌ಎ ತನ್ನ 2018ರ ವರದಿಯಲ್ಲಿ, 2017ರಲ್ಲಿ ಪ್ರಪಂಚದ ಪರ್ಸನಲ್ ಕಂಪ್ಯೂಟರ್‌ಗಳಿಗೆ ಹಾಕಿದ ತಂತ್ರಾಂಶದ ಶೇ. 37 ಲೈಸೆನ್ಸ್ ಇಲ್ಲದ್ದು ಎಂದು ಅಂದಾಜಿಸಿತ್ತು. ಅಂಥ ನಕಲುಗಳಿಗೆಲ್ಲ ಅಂಗಡಿ ಬೆಲೆ ಹಚ್ಚಿ ಗುಣಿಸಿದರೆ ಬರುವ ಮೊತ್ತ ದೊಡ್ಡದು, ಆದರೆ ಅಷ್ಟೂ ನಷ್ಟವೆಂದು ತಿಳಿಯುವುದು ಸರಿಯಲ್ಲ. ದೊಡ್ಡ ಕಂಪನಿಗೆ ನಕಲಿನಿಂದ ಒಳಗೊಳಗೇ ಲಾಭವೂ ಇದೆ: ನಕಲಿನಲ್ಲಿ ಕೈ ಪಳಗಿದವರು ಕೆಲಸಕ್ಕೆ ಸೇರಿದ ಮೇಲೆ ಅದೇ ತಂತ್ರಾಂಶ ಕೇಳುತ್ತಾರೆ, ಸಂಸ್ಥೆ ಕೊಳ್ಳುತ್ತದೆ.

ಪೆಟ್ಟು ಬೀಳುವುದು ಯಾರೂ ಲೆಕ್ಕಕ್ಕೆ ಹಿಡಿಯದವರಿಗೆ. ದುಬಾರಿ ತಂತ್ರಾಂಶದ ನಕಲು ಪುಕ್ಕಟೆ ಸಿಗುವಾಗ, ಅದರ ಹತ್ತನೇ ಒಂದು ಪಾಲು ಬೆಲೆಗೆ ಸಿಗುವ ಸಣ್ಣ ತಯಾರಕನದ್ದನ್ನು ಯಾರೂ ಮುಟ್ಟುವುದಿಲ್ಲ. ನಕಲಿನ ಎದುರು ಅವನದೇ ದುಬಾರಿ. ಓಪನ್ ಸೋರ್ಸ್ ಯೋಜನೆಗಳಿಗೂ ಹೀಗೆಯೇ ಬಳಕೆದಾರರು ಕಡಿಮೆಯಾಗುತ್ತಾರೆ, ಬಳಕೆದಾರರಿಲ್ಲದೆ ದೋಷ ತಿದ್ದುವವರೂ ಸಿಗುವುದಿಲ್ಲ. ಫೋಟೊ ಕತ್ತರಿಸಲು, ಬಣ್ಣ ತಿದ್ದಲು ಫೋಟೊಶಾಪ್‌ನ ಕ್ರ್ಯಾಕ್ ಹಾಕಿಕೊಂಡವರು ಅಡೋಬಿಯ ಗಿರಾಕಿಗಳೇ ಆಗಿರಲಿಲ್ಲ. ಅವರನ್ನು ಕಳೆದುಕೊಂಡದ್ದು ಚಿಕ್ಕವರು.

ವಿಂಡೋಸ್ ಆಕ್ಟಿವೇಟ್ ಮಾಡದೇ ಹಾಗೇ ಬಳಸಿದ್ರೆ ಏನಾಗುತ್ತೆ?

ವಿಂಡೋಸ್ 10 ಮತ್ತು 11ರಲ್ಲಿ ಪರದೆಯ ಬಲಮೂಲೆಯಲ್ಲಿ ಮಸುಕಾದ ಬರಹ ನಿಲ್ಲುತ್ತದೆ, ವಾಲ್‌ಪೇಪರ್, ಬಣ್ಣ ಮುಂತಾದವನ್ನು ಸೆಟಿಂಗ್ಸ್‌ನಿಂದ ಬದಲಿಸಲಾಗುವುದಿಲ್ಲ. ಉಳಿದದ್ದು ನಡೆಯುತ್ತದೆ, ಭದ್ರತಾ ಅಪ್‌ಡೇಟ್‌ಗಳೂ ಬರುತ್ತವೆ (ವಿಂಡೋಸ್ 10ಕ್ಕೆ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್‌ನಲ್ಲಿ ಮುಗಿಯಿತು). ಲೈಸೆನ್ಸ್ ಕರಾರಿನ ಪ್ರಕಾರ ಇದು ಸರಿಯಲ್ಲ. ಆದರೂ ಲೈಸೆನ್ಸ್ ಇಲ್ಲದೆಯೇ ಆಕ್ಟಿವೇಟ್ ಮಾಡಿಕೊಡುವ ಆಕ್ಟಿವೇಟರ್ ಓಡಿಸುವುದಕ್ಕೆ ಹೋಲಿಸಿದರೆ ಯಂತ್ರದ ಆರೋಗ್ಯಕ್ಕೆ ಇದು ಎಷ್ಟೋ ವಾಸಿ.

ಅದಕ್ಕೂ ಮೊದಲು ಒಂದು ವಿಷಯ ನೋಡಿಕೊಳ್ಳಿ. ವಿಂಡೋಸ್ ಸಮೇತ ಕೊಂಡ ಲ್ಯಾಪ್‌ಟಾಪ್ ಆಗಿದ್ದರೆ ಕೀ ಅದರ ಮದರ್‌ಬೋರ್ಡಿನಲ್ಲೇ ಬರೆದಿರುತ್ತದೆ (ವಿಂಡೋಸ್ 8ರ ಕಾಲದಿಂದ ಈ ಪದ್ಧತಿ). ಫಾರ್ಮ್ಯಾಟ್ ಮಾಡಿದವರು ಹೋಮ್ ಆವೃತ್ತಿಯ ಬದಲು ಪ್ರೊ ಹಾಕಿರುತ್ತಾರೆ, ಕೀ ಹೊಂದುವುದಿಲ್ಲ, ಆಗ ಆಕ್ಟಿವೇಟರ್ ಹುಡುಕಾಟ ಶುರುವಾಗುತ್ತದೆ. ಹಣ ಕೊಟ್ಟು ಕೊಂಡದ್ದನ್ನೇ ಮತ್ತೆ ಕದಿಯುವ ಪ್ರಸಂಗ! ಯಂತ್ರದ ಜೊತೆ ಬಂದ ಆವೃತ್ತಿಯನ್ನೇ ಮರಳಿ ಹಾಕಿ ಇಂಟರ್ನೆಟ್ ಜೋಡಿಸಿದರೆ ಸಾಮಾನ್ಯವಾಗಿ ತಾನಾಗಿಯೇ ಆಕ್ಟಿವೇಟ್ ಆಗುತ್ತದೆ.

## ಕ್ರ್ಯಾಕ್, ಆಕ್ಟಿವೇಟರ್, ಅಗ್ಗದ ಕೀ

ಕ್ರ್ಯಾಕ್ ಹಾಕೋವಾಗ ಆಂಟಿವೈರಸ್ ಕೂಗೋದು ಸುಳ್ಳು ಎಚ್ಚರಿಕೆ ಅಂತಾರೆ. ನಿಜಾನಾ?

ಕೆಲವೊಮ್ಮೆ ನಿಜ. ಸಮಸ್ಯೆ ಇರುವುದೇ ಅಲ್ಲಿ. ಕ್ರ್ಯಾಕ್ ಮಾಡುವ ಕೆಲಸವೆಂದರೆ ಇನ್ನೊಂದು ಪ್ರೋಗ್ರಾಮಿನ ಫೈಲ್ ತಿದ್ದುವುದು, ಪರಿಶೀಲನೆಯ ಹಾದಿ ತಪ್ಪಿಸುವುದು, ಹೋಸ್ಟ್ಸ್ ಫೈಲಿಗೆ ಸಾಲು ಸೇರಿಸಿ ತಯಾರಕರ ಸರ್ವರ್ ಸಂಪರ್ಕ ಕಡಿಯುವುದು. ವೈರಸ್‌ಗಳ ಕೈಚಳಕವೂ ಇಂಥದ್ದೇ. ಹಾಗಾಗಿ ಆಂಟಿವೈರಸ್ ಎರಡಕ್ಕೂ ಕೂಗುತ್ತದೆ. ಕೇವಲ ಕ್ರ್ಯಾಕ್ ಯಾವುದು, ಕ್ರ್ಯಾಕ್ ಜೊತೆ ಇನ್ನೇನೋ ಇರುವುದು ಯಾವುದು ಎಂದು ನೋಡುವವರಿಗೆ ಗೊತ್ತಾಗುವುದಿಲ್ಲ. ಜೊತೆಗೆ ಬಳಕೆದಾರರು ತಾವಾಗಿಯೇ ಆಂಟಿವೈರಸ್ ಆರಿಸಿ, ಅಡ್ಮಿನ್ ಅನುಮತಿಯನ್ನೂ ಕೊಡುತ್ತಾರೆ. ದುಷ್ಕರ್ಮಿಗೆ ಇದಕ್ಕಿಂತ ಒಳ್ಳೆಯ ಸ್ವಾಗತ ಬೇಕೆ?

ಒಳಗೆ ಬರುವವು ಮುಖ್ಯವಾಗಿ ಮೂರು ಬಗೆ. ಮೊದಲನೆಯದು ಫೈಲುಗಳಿಗೆ ಬೀಗ ಜಡಿದು ಹಣ ಕೇಳುವ ರ‍್ಯಾನ್ಸಮ್‌ವೇರ್. ಸ್ಟಾಪ್ ಅಥವಾ ಡಿಜೆವಿಯು ಎಂಬ ಕುಟುಂಬ ಹೆಚ್ಚಾಗಿ ಹಬ್ಬಿದ್ದೇ ಕ್ರ್ಯಾಕ್ ಮತ್ತು ಸುಳ್ಳು ಕೀ ಹುಟ್ಟಿಸುವ ಕೀಜೆನ್‌ಗಳ ಮೂಲಕ. ಎರಡನೆಯದು ಬ್ರೌಸರಿನಲ್ಲಿ ಉಳಿಸಿದ ಪಾಸ್‌ವರ್ಡ್, ಕುಕಿ (ಲಾಗಿನ್ ನೆನಪಿಡುವ ಪುಟ್ಟ ಕಡತ) ಕದಿಯುವ ಪ್ರೋಗ್ರಾಮುಗಳು. ರೆಡ್‌ಲೈನ್, ಲುಮ್ಮಾ ಇಂಥವು. 2021ರ ಕೊನೆಯಲ್ಲಿ ಕೆಎಂಎಸ್‌ಪಿಕೊ ಎಂಬ ಆಕ್ಟಿವೇಟರಿನ ಹೆಸರಿನಲ್ಲಿ ಇಂಥದ್ದೇ ಆದ ಕ್ರಿಪ್ಟ್‌ಬಾಟ್ ಹಂಚುತ್ತಿದ್ದುದು ಬಯಲಾಯಿತು. ಆಕ್ಟಿವೇಷನ್ ಆಗುತ್ತಿತ್ತು, ಹಿಂಬಾಗಿಲಲ್ಲಿ ಕಳ್ಳತನವೂ ಆಗುತ್ತಿತ್ತು. ಮೂರನೆಯದು ನಿಮ್ಮ ಯಂತ್ರದಲ್ಲಿ ಬೇರೆಯವರಿಗಾಗಿ ಕ್ರಿಪ್ಟೊ ನಾಣ್ಯ ದುಡಿಯುವ ಮೈನರ್. 2019ರಲ್ಲಿ ಪತ್ತೆಯಾದ ಲೌಡ್‌ಮೈನರ್ ಸಂಗೀತ ಸಂಯೋಜನೆಯ ಪ್ಲಗಿನ್‌ಗಳ ನಕಲುಗಳಲ್ಲಿ ಅಡಗಿತ್ತು. ಆ ಪ್ಲಗಿನ್‌ಗಳು ಹೇಗೂ ಪ್ರೊಸೆಸರನ್ನು ಹಿಂಡುವಂಥವು, ಯಂತ್ರ ಬಿಸಿಯಾದರೆ ಯಾರಿಗೂ ಸಂಶಯ ಬರುವುದಿಲ್ಲ ಎಂಬ ಲೆಕ್ಕಾಚಾರ. ಮ್ಯಾಕ್ ಬಳಸುವವರು ನಿಶ್ಚಿಂತೆಯಿಂದಿರುವಂತಿಲ್ಲ: 2009ರಲ್ಲಿ ಐವರ್ಕ್ ಎಂಬ ಆಫೀಸ್ ತಂತ್ರಾಂಶದ ನಕಲಿನೊಳಗೆ ಟ್ರೋಜನ್ (ಮಾರುವೇಷದ ದುಷ್ಟ ಪ್ರೋಗ್ರಾಮ್) ಇತ್ತು, 2020ರಲ್ಲಿ ಲಿಟಲ್ ಸ್ನಿಚ್ ಎಂಬ ತಂತ್ರಾಂಶದ ನಕಲಿನೊಳಗೆ ಥೀಫ್‌ಕ್ವೆಸ್ಟ್ ಎಂಬ ದುಷ್ಟ ಪ್ರೋಗ್ರಾಮ್.

ಈಗಾಗಲೇ ಹಾಕಿಬಿಟ್ಟಿದ್ದೀನಿ. ಏನ್ ಮಾಡ್ಲಿ?

ಕ್ರ್ಯಾಕ್ ಅಳಿಸಿದರೆ ಸಾಲದು, ಮಾಡುವ ಕ್ರಮವೂ ಮುಖ್ಯ.

1. ಯಂತ್ರವನ್ನು ಇಂಟರ್ನೆಟ್‌ನಿಂದ ಬಿಡಿಸಿ. ದಾಖಲೆ, ಚಿತ್ರಗಳನ್ನು ಹೊರಗಿನ ಡಿಸ್ಕಿಗೆ ನಕಲಿಸಿ. ಇನ್‌ಸ್ಟಾಲರ್‌ಗಳನ್ನು, ಕ್ರ್ಯಾಕ್ ಬಂದ ಜಿಪ್ ಕಡತಗಳನ್ನು ಒಯ್ಯಬೇಡಿ.
2. ಬೇರೊಂದು ಶುದ್ಧ ಯಂತ್ರದಿಂದ ಅಥವಾ ಫೋನಿನಿಂದ ಮೊದಲು ಇಮೇಲ್, ಆಮೇಲೆ ಬ್ಯಾಂಕು, ಉಳಿದ ಖಾತೆಗಳ ಪಾಸ್‌ವರ್ಡ್ ಬದಲಿಸಿ. ಪ್ರತಿಯೊಂದರಲ್ಲೂ ಎಲ್ಲ ಸಾಧನಗಳಿಂದ ಸೈನ್ ಔಟ್ ಮಾಡುವ ಆಯ್ಕೆ ಒತ್ತಿ. ಕುಕಿ ಕದ್ದವರಿಗೆ ಪಾಸ್‌ವರ್ಡೂ ಬೇಡ, ಓಟಿಪಿಯೂ ಬೇಡ. ತೆರೆದಿರುವ ಲಾಗಿನ್ ಕಡಿದರೆ ಮಾತ್ರ ಅವರು ಹೊರಗೆ ಬೀಳುತ್ತಾರೆ.
3. ವಿಂಡೋಸ್ ಸೆಕ್ಯುರಿಟಿಯಲ್ಲಿ ವೈರಸ್ ರಕ್ಷಣೆಯ ಸೆಟಿಂಗ್ಸ್ ತೆರೆದು ಎಕ್ಸ್‌ಕ್ಲೂಷನ್ಸ್ (ಪರಿಶೀಲಿಸದೆ ಬಿಡುವ ಜಾಗಗಳ) ಪಟ್ಟಿ ನೋಡಿ. ನೀವು ಸೇರಿಸದ ಫೋಲ್ಡರ್, ಅದರಲ್ಲೂ ಇಡೀ ಸಿ ಡ್ರೈವ್ ಅಲ್ಲಿದ್ದರೆ ವಿಂಡೋಸ್‌ನದೇ ಆಂಟಿವೈರಸ್ ಆದ ಡಿಫೆಂಡರ್ ಕುರುಡಾಗಿದೆ ಎಂದರ್ಥ.
4. ಎಕ್ಸ್‌ಕ್ಲೂಷನ್ ಅಳಿಸಿ, ಡಿಫೆಂಡರ್‌ನ ಆಫ್‌ಲೈನ್ ಸ್ಕ್ಯಾನ್ ಓಡಿಸಿ. ಟಾಸ್ಕ್ ಶೆಡ್ಯೂಲರ್‌ನಲ್ಲಿ, ಸ್ಟಾರ್ಟ್‌ಅಪ್ ಪಟ್ಟಿಯಲ್ಲಿ ಗೊತ್ತಿಲ್ಲದ ಹೆಸರಿದೆಯೇ ನೋಡಿ.
5. ಏನಾದರೂ ಸಿಕ್ಕರೆ ಚಿವುಟುತ್ತಾ ಕೂರಬೇಡಿ. ತಯಾರಕರ ತಾಣದಿಂದಲೇ ಇಳಿಸಿಕೊಂಡ ವಿಂಡೋಸ್ ಇನ್‌ಸ್ಟಾಲರನ್ನು ಪೆನ್‌ಡ್ರೈವಿಗೆ ಹಾಕಿ, ಡಿಸ್ಕ್ ಅಳಿಸಿ ಹೊಸದಾಗಿ ಶುರುಮಾಡಿ.

ಎರಡನೇ ಹೆಜ್ಜೆಯನ್ನು ಅದೇ ಸೋಂಕಿದ ಯಂತ್ರದಿಂದ ಮಾಡುವವರೇ ಹೆಚ್ಚು. ಆಗ ಹೊಸ ಪಾಸ್‌ವರ್ಡೂ ಕಳ್ಳರ ಕೈಗೇ ಹೋಗುತ್ತದೆ.

ಆನ್‌ಲೈನ್‌ನಲ್ಲಿ ತೀರಾ ಅಗ್ಗಕ್ಕೆ ಕೀ ಸಿಗುತ್ತೆ. ಅದು ಒರಿಜಿನಲ್ಲಾ?

ಕೀ ನಿಜವಾದದ್ದೇ ಇರಬಹುದು, ಅದನ್ನು ಬಳಸುವ ಹಕ್ಕು ನಿಮಗಿರುವುದು ಅನುಮಾನ. ಅಗ್ಗದ ಕೀಗಳು ಹಳೆಯ ಯಂತ್ರಗಳ ಜೊತೆ ಬಂದ ಒಇಎಂ ಕೀ ಆಗಿರುತ್ತವೆ, ಒಂದೇ ಕೀಯಿಂದ ನೂರಾರು ಯಂತ್ರ ತೆರೆಯುವ ಸಂಸ್ಥೆಗಳ ಎಂಎಕೆ ಆಗಿರುತ್ತವೆ, ಇಲ್ಲವೇ ಕದ್ದ ಕಾರ್ಡಿನಲ್ಲಿ ಕೊಂಡವು. ಎಂಎಕೆಯ ಎಣಿಕೆ ಮುಗಿದಾಗ ಅಥವಾ ಮೂಲ ಸಂಸ್ಥೆ ದೂರು ಕೊಟ್ಟಾಗ ಆಕ್ಟಿವೇಷನ್ ಬಿದ್ದುಹೋಗುತ್ತದೆ. ಮಾರಿದವರು ಅಷ್ಟರಲ್ಲಿ ಕಣ್ಮರೆ.

ನಿಮ್ಮ ಯಂತ್ರದಲ್ಲಿರುವುದು ಯಾವುದೆಂದು ತಿಳಿಯಬೇಕೆಂದರೆ ಕಮಾಂಡ್ ಪ್ರಾಂಪ್ಟ್‌ನಲ್ಲಿ ಎಸ್‌ಎಲ್‌ಎಂಜಿಆರ್ ಆಜ್ಞೆಯನ್ನು ಡಿಎಲ್‌ಐ ಆಯ್ಕೆಯೊಂದಿಗೆ (slmgr /dli) ಓಡಿಸಿ. ರೀಟೇಲ್ (ಬಿಡಿಯಾಗಿ ಕೊಂಡದ್ದು), ಒಇಎಂ, ವಾಲ್ಯೂಮ್ (ಸಂಸ್ಥೆಗಳದ್ದು) ಎಂದು ಬರುತ್ತದೆ. ಮನೆಯ ಕಂಪ್ಯೂಟರಿನಲ್ಲಿ ವಾಲ್ಯೂಮ್ ಕೆಎಂಎಸ್ ಎಂದು ಕಂಡರೆ ಆಕ್ಟಿವೇಟರಿನ ಕೈವಾಡವೇ ಸರಿ. ಕೆಎಂಎಸ್ ಇರುವುದು ಸಂಸ್ಥೆಗಳಿಗಾಗಿ. ಅವರ ಸರ್ವರಿಗೆ ಕನಿಷ್ಠ 25 ಯಂತ್ರ ಸಂಪರ್ಕಿಸಿದ ಮೇಲಷ್ಟೇ ವಿಂಡೋಸ್ ಆಕ್ಟಿವೇಟ್ ಆಗುತ್ತದೆ, ಅದೂ 180 ದಿನಕ್ಕೆ, ಮತ್ತೆ ಮತ್ತೆ ನವೀಕರಿಸುತ್ತಿರಬೇಕು. ಆಕ್ಟಿವೇಟರ್ ಸುಳ್ಳು ಸರ್ವರೊಂದನ್ನು ಕಟ್ಟಿ ಇದೇ ನಾಟಕ ಆಡುತ್ತದೆ, ಆದ್ದರಿಂದಲೇ ಅದು ಹಿನ್ನೆಲೆಯಲ್ಲಿ ಸದಾ ಬದುಕಿರಬೇಕಾಗುತ್ತದೆ.

ಬಳಸಿದ ಲೈಸೆನ್ಸ್ ಮರುಮಾರಾಟ ಕೆಲವೆಡೆ ನ್ಯಾಯಬದ್ಧ. ಯೂಸ್ಡ್‌ಸಾಫ್ಟ್ ಮತ್ತು ಒರೇಕಲ್ ನಡುವಿನ ವ್ಯಾಜ್ಯದಲ್ಲಿ ಐರೋಪ್ಯ ನ್ಯಾಯಾಲಯ 2012ರ ಜುಲೈ 3ರಂದು ಶಾಶ್ವತ ಲೈಸೆನ್ಸ್ ಕೊಂಡವರು ಅದನ್ನು ಮಾರಬಹುದೆಂದು ತೀರ್ಪಿತ್ತಿತು, ಮಾರಿದವರು ತಮ್ಮ ಪ್ರತಿಯನ್ನು ಬಳಸದಂತೆ ಮಾಡಬೇಕೆಂಬ ಷರತ್ತಿನೊಂದಿಗೆ. ಅಮೆರಿಕದಲ್ಲಿ 2010ರ ವರ್ನರ್ ಮತ್ತು ಆಟೋಡೆಸ್ಕ್ ಪ್ರಕರಣ ಇದಕ್ಕೆ ತದ್ವಿರುದ್ಧ ದಿಕ್ಕಿಗೆ ಹೋಗಿತ್ತು.

## ಚಂದಾ ಮತ್ತು ಪರ್ಯಾಯ

ಒಂದ್ಸಲ ಕೊಂಡ್ರೆ ಮುಗೀತು ಅನ್ನೋ ಕಾಲ ಹೋಯ್ತಾ? ತಿಂಗಳು ತಿಂಗಳು ಯಾಕೆ ಕೊಡಬೇಕು?

ಪೂರ್ತಿ ಹೋಗಿಲ್ಲ, ಆದರೆ ಸಣ್ಣದಾಗಿದೆ. ಫೋಟೊಶಾಪ್ ಮುಂತಾದವನ್ನು ಒಟ್ಟಿಗೆ ಕೊಡುತ್ತಿದ್ದ 2012ರ ಸಿಎಸ್6 ಅಡೋಬಿಯ ಕೊನೆಯ ಕೊಂಡು ಇಟ್ಟುಕೊಳ್ಳುವ ಸೂಟ್. 2013ರ ಮೇನಲ್ಲಿ ಇನ್ನು ಮುಂದೆ ಚಂದಾ ಮಾತ್ರ ಎಂದು ಅದು ಘೋಷಿಸಿತು. ತಯಾರಕರ ಕಡೆಯಿಂದ ಕಾರಣ ಸರಳ: ಹಳೆಯ ಆವೃತ್ತಿಯೇ ಸಾಕೆಂದು ಹತ್ತು ವರ್ಷ ಕೂರುವ ಗಿರಾಕಿಯಿಂದ ಆದಾಯವಿಲ್ಲ, ಆದರೆ ಹೊಸ ಆಪರೇಟಿಂಗ್ ಸಿಸ್ಟಮ್‌ಗೆ ಹೊಂದಿಸುವ, ಭದ್ರತಾ ದೋಷ ತಿದ್ದುವ ಖರ್ಚು ನಿಲ್ಲುವುದಿಲ್ಲ.

ಕೊಡುವವರ ಕಡೆ ಮನಸ್ಸು ಮುರಿಯಲು ಕಾರಣ ಬೇರೆ. ಕೊಂಡಾಗ ಹಣ ಕೊಟ್ಟ ನೋವು ಒಮ್ಮೆ, ಚಂದಾದಲ್ಲಿ ತಿಂಗಳಿಗೊಮ್ಮೆ. ನಿಲ್ಲಿಸಿದರೆ ಸ್ವಂತ ಫೈಲುಗಳನ್ನೇ ತೆರೆಯಲಾಗದೆ ಹೋಗಬಹುದು. ವರ್ಷಕ್ಕೆ ಎರಡು ಬಾರಿ ಬಳಸುವವರಿಗೂ ದಿನಕ್ಕೆ ಹತ್ತು ಗಂಟೆ ಬಳಸುವವರಿಗೂ ಒಂದೇ ದರ.

ತೀರ್ಮಾನಕ್ಕೆ ಒಂದು ಲೆಕ್ಕ. ಒಮ್ಮೆ ಕೊಳ್ಳುವ ಬೆಲೆಯನ್ನು ತಿಂಗಳ ಚಂದಾದಿಂದ ಭಾಗಿಸಿ. ಉತ್ತರ 30 ಬಂತೆನ್ನಿ: 30 ತಿಂಗಳಿಗಿಂತ ಹೆಚ್ಚು ಕಾಲ ಅದೇ ಆವೃತ್ತಿಯಲ್ಲಿ ಇರಬಲ್ಲಿರಾದರೆ ಕೊಳ್ಳುವುದು ಲಾಭ. ಆದರೆ ಬೆಂಬಲದ ಅವಧಿಯನ್ನೂ ನೋಡಬೇಕು. ಒಮ್ಮೆ ಕೊಳ್ಳುವ ಆಫೀಸ್ 2024ಕ್ಕೆ ಐದು ವರ್ಷ ಬೆಂಬಲ, ಆಮೇಲೆ ಅದು ಓಡುತ್ತದೆ, ಭದ್ರತಾ ತಿದ್ದುಪಡಿ ಬರುವುದಿಲ್ಲ. ವರ್ಷದಲ್ಲಿ ಎರಡೇ ತಿಂಗಳು ಕೆಲಸವಿದ್ದರೆ ಆ ಎರಡು ತಿಂಗಳಿಗಷ್ಟೇ ಚಂದಾ ಕಟ್ಟಿ. ಇಲ್ಲಿ ಒಂದು ಬಲೆ ಇದೆ: "ವಾರ್ಷಿಕ, ತಿಂಗಳ ಕಂತಿನಲ್ಲಿ" ಎಂಬ ಯೋಜನೆ ತಿಂಗಳ ಚಂದಾದಂತೆ ಕಾಣುತ್ತದೆ, ನಡುವೆ ಬಿಟ್ಟರೆ ದಂಡ ಬೀಳಬಹುದು. ನಡುದಾರಿಯೂ ಉಂಟು. ಪ್ರೋಗ್ರಾಮ್ ಬರೆಯುವವರ ಸಾಧನ ಮಾರುವ ಜೆಟ್‌ಬ್ರೇನ್ಸ್ 2015ರಿಂದ, 12 ತಿಂಗಳು ಚಂದಾ ಕಟ್ಟಿದವರಿಗೆ ಆ ಅವಧಿಯ ಆರಂಭದ ಆವೃತ್ತಿಯನ್ನು ಶಾಶ್ವತವಾಗಿ ಬಿಟ್ಟುಕೊಡುತ್ತದೆ. ಈ ಪದ್ಧತಿಯನ್ನು ಇನ್ನಷ್ಟು ಕಂಪನಿಗಳು ಹಿಡಿದಿದ್ದರೆ ಚಂದಾ ಎಂಬ ಪದಕ್ಕೆ ಇಷ್ಟು ಕೆಟ್ಟ ಹೆಸರು ಬರುತ್ತಿರಲಿಲ್ಲ.

ದುಡ್ಡು ಕೊಟ್ಟು ಕೊಂಡಿದ್ದೇ ಆಕ್ಟಿವೇಟ್ ಆಗ್ತಿಲ್ಲ. ಇದಕ್ಕಿಂತ ಕ್ರ್ಯಾಕೇ ವಾಸಿ ಅಲ್ವಾ?

ಸಿಟ್ಟು ನ್ಯಾಯವಾದದ್ದೇ. ಆಕ್ಟಿವೇಷನ್ ಸರ್ವರ್ ಮುಚ್ಚಿದರೆ ಕೊಂಡವರಿಗೆ ಮಾತ್ರ ತೊಂದರೆ, ಕ್ರ್ಯಾಕ್ ಹಾಕಿದವರಿಗೆ ಅದು ಗೊತ್ತೂ ಆಗುವುದಿಲ್ಲ. ಸಿಎಸ್2ರ ಸರ್ವರ್ ಮುಚ್ಚಿದಾಗ ಅಡೋಬಿ ಆಕ್ಟಿವೇಷನ್ ಬೇಡದ ಪ್ರತಿಗಳನ್ನು ಹಳೆಯ ಗಿರಾಕಿಗಳಿಗಾಗಿ ಇಟ್ಟಿತು. 2013ರ ಆರಂಭದಲ್ಲಿ ಸುದ್ದಿ ಹರಡಿ, ಬಿಟ್ಟಿ ಸಿಕ್ಕರೆ ನನಗೂ ಇರಲಿ ನಮ್ಮಪ್ಪನಿಗೂ ಇರಲಿ ಎಂಬಂತೆ ಕೊಳ್ಳದವರೂ ಮುಗಿಬಿದ್ದರು.

ಹೆಚ್ಚಿನ ಬಾರಿ ತೊಂದರೆಯ ಮೂಲ ಇಷ್ಟೇ: ಹಳೆಯ ಯಂತ್ರದಲ್ಲಿ ಡಿಆಕ್ಟಿವೇಟ್ ಮಾಡದೆ ಫಾರ್ಮ್ಯಾಟ್ ಮಾಡಿರುತ್ತೀರಿ, ಎಣಿಕೆಯಲ್ಲಿ ಆ ಯಂತ್ರ ಹಾಗೇ ಉಳಿದಿರುತ್ತದೆ. ತಯಾರಕರ ತಾಣದಲ್ಲಿ ಖಾತೆಗೆ ಹೋಗಿ ಸಾಧನಗಳ ಪಟ್ಟಿಯಿಂದ ಅದನ್ನು ತೆಗೆಯಿರಿ. ಅಂಥ ಪಟ್ಟಿಯಿಲ್ಲದ ಹಳೆಯ ತಂತ್ರಾಂಶವಾದರೆ ರಸೀದಿಯ ಪ್ರತಿಯೊಂದಿಗೆ ಬರೆದು ಎಣಿಕೆಯನ್ನು ಸೊನ್ನೆಗಿಳಿಸಲು ಕೇಳಿ. ಕೀ, ರಸೀದಿ, ಇನ್‌ಸ್ಟಾಲರ್ ಫೈಲು ಮೂರನ್ನೂ ಕೊಂಡ ದಿನವೇ ಒಟ್ಟಿಗೆ ಎತ್ತಿಡಿ. ಕೆಲವು ವರ್ಷದ ಮೇಲೆ ಹಳೆಯ ಆವೃತ್ತಿಯ ಇನ್‌ಸ್ಟಾಲರ್ ತಾಣದಲ್ಲಿ ಸಿಗುವುದಿಲ್ಲ.

ಓಪನ್ ಸೋರ್ಸ್‌ಗೆ ಹೋದೆ, ಎರಡೇ ದಿನಕ್ಕೆ ವಾಪಸ್ ಬಂದೆ. ಎಲ್ಲಿ ತಪ್ಪಾಯ್ತು?

ಎಲ್ಲವನ್ನೂ ಒಂದೇ ದಿನ ಬದಲಿಸಿದ್ದರಲ್ಲಿ. ಆಪರೇಟಿಂಗ್ ಸಿಸ್ಟಮ್ ಕೊನೆಗೆ ಬದಲಿಸಬೇಕಾದದ್ದು, ಅದನ್ನೇ ಮೊದಲು ಬದಲಿಸುತ್ತಾರೆ. ಸರಿಯಾದ ಕ್ರಮ ಹೀಗೆ: ಈಗಿರುವ ವಿಂಡೋಸ್ ಅಥವಾ ಮ್ಯಾಕ್‌ನಲ್ಲೇ ಮೊದಲು ವಿಎಲ್‌ಸಿ, 7-ಜಿಪ್‌ನಂಥ ಚಿಕ್ಕವು. ಆಮೇಲೆ ವರ್ಡ್, ಎಕ್ಸೆಲ್ ಬದಲಿಗೆ ಲಿಬ್ರೆಆಫೀಸ್, ಹಳೆಯದನ್ನು ತೆಗೆಯದೆ ಜೊತೆಗಿಟ್ಟುಕೊಂಡು. ಒಂದೆರಡು ತಿಂಗಳಲ್ಲಿ ಹಳೆಯದನ್ನು ಎಷ್ಟು ಸಲ ತೆರೆದಿರಿ, ಯಾವುದಕ್ಕೆ ತೆರೆದಿರಿ ಎಂದು ಬರೆದಿಡಿ. ಆ ಪಟ್ಟಿಯೇ ಮುಂದಿನ ದಾರಿ ತೋರಿಸುತ್ತದೆ.

ವರ್ಡ್ ಕಡತ ತೆರೆದಾಗ ಪುಟಗಳು ಅಡ್ಡಾದಿಡ್ಡಿಯಾಗುವುದಕ್ಕೆ ಮುಖ್ಯ ಕಾರಣ ಫಾಂಟ್. ಕಡತದಲ್ಲಿ ಕ್ಯಾಲಿಬ್ರಿ ಇದ್ದು ಯಂತ್ರದಲ್ಲಿ ಅದಿಲ್ಲದಿದ್ದರೆ ಅಗಲ ಬೇರೆಯಿರುವ ಫಾಂಟ್ ಬಂದು ಕೂರುತ್ತದೆ, ಸಾಲುಗಳು ಮುಂದಿನ ಪುಟಕ್ಕೆ ಜಾರುತ್ತವೆ. ಕ್ಯಾಲಿಬ್ರಿಗೆ ಕಾರ್ಲಿಟೊ, ಕ್ಯಾಂಬ್ರಿಯಾಗೆ ಕ್ಯಾಲಡಿಯಾ, ಏರಿಯಲ್ ಮತ್ತು ಟೈಮ್ಸ್ ನ್ಯೂ ರೋಮನ್‌ಗೆ ಲಿಬರೇಷನ್ ಫಾಂಟುಗಳು ಅಕ್ಷರದಗಲದಲ್ಲಿ ಸರಿಹೊಂದುತ್ತವೆ. ಇವು ಇವೆಯೇ ನೋಡಿಕೊಂಡರೆ ಅರ್ಧ ದೂರು ಕರಗುತ್ತದೆ. ಹಾಗೆಯೇ ಕಡತವನ್ನು ಲಿಬ್ರೆಆಫೀಸ್‌ನ ಸ್ವಂತ ರೂಪವಾದ ಒಡಿಟಿಯಲ್ಲಿ ತಿದ್ದಿ, ಬೇರೆಯವರು ಕೇಳಿದಾಗ ಮಾತ್ರ ವರ್ಡ್‌ನ ಡಾಕ್ಸ್ ಮಾಡಿ ಕೊಡಿ. ಒಂದೇ ಡಾಕ್ಸ್ ಕಡತ ಎರಡು ತಂತ್ರಾಂಶಗಳ ನಡುವೆ ಹತ್ತು ಸಲ ಓಡಾಡಿದರೆ ಪಟ್ಟಿಗಳ ಅಂಚು, ಅಡಿಟಿಪ್ಪಣಿ ಕೆಡುತ್ತವೆ. ತಿದ್ದಬೇಕಿಲ್ಲದವರಿಗೆ ಪಿಡಿಎಫ್ ಸಾಕು.

ಇನ್ನು ಕೆಲವು ಕಡೆ ಗೋಡೆ ನಿಜವಾಗಿಯೂ ಇದೆ. ಎಕ್ಸೆಲ್‌ನ ಪವರ್ ಕ್ವೆರಿ, ಪವರ್ ಪಿವಟ್ ಎಂಬ ದತ್ತಾಂಶ ಸೌಲಭ್ಯಗಳ ಮೇಲೆ ನಿಂತ ಕಡತ ಲಿಬ್ರೆಆಫೀಸ್‌ನ ಕ್ಯಾಲ್ಕ್‌ನಲ್ಲಿ ಹಾಗೇ ನಡೆಯುವುದಿಲ್ಲ, ವಿಬಿಎ ಮ್ಯಾಕ್ರೊಗಳಲ್ಲಿ (ಕೆಲಸ ತಾನಾಗಿ ಮಾಡಿಸುವ ಪುಟ್ಟ ಪ್ರೋಗ್ರಾಮುಗಳು) ಕೆಲವೇ ನಡೆಯುತ್ತವೆ. ಫೋಟೊ ತಿದ್ದುವ ಓಪನ್ ಸೋರ್ಸ್ ತಂತ್ರಾಂಶವಾದ ಜಿಂಪ್‌ನ 2025ರ ಮೂರನೇ ಆವೃತ್ತಿಯಲ್ಲಿ ಫಿಲ್ಟರುಗಳನ್ನು ಆಮೇಲೆ ತಿದ್ದುವ ಸೌಲಭ್ಯ ಬಂದಿದೆ, ಆದರೆ ಮುದ್ರಣದವರಿಗೆ ಬೇಕಾದ ಸಿಎಂವೈಕೆ ಬಣ್ಣ ಪದ್ಧತಿಯಲ್ಲೇ ನೇರವಾಗಿ ಕೆಲಸ ಮಾಡಲು ಕ್ರಿಟಾ ಅಥವಾ ಸ್ಕ್ರೈಬಸ್ ಹಿಡಿಯಬೇಕು. ನಿಮ್ಮ ಗಿರಾಕಿ ಪಿಎಸ್‌ಡಿ (ಫೋಟೊಶಾಪ್‌ನದು) ಅಥವಾ ಡಿಡಬ್ಲ್ಯೂಜಿ (ಆಟೋಕ್ಯಾಡ್‌ನದು) ಕಡತವನ್ನೇ ಪದರಗಳ ಸಮೇತ ಕೇಳುತ್ತಾರಾದರೆ ಆ ಒಂದು ತಂತ್ರಾಂಶಕ್ಕೆ ಹಣ ಕೊಡಿ, ಉಳಿದದ್ದನ್ನು ಬದಲಿಸಿ. ಎಲ್ಲವೂ ಪುಕ್ಕಟೆಯೇ ಇರಬೇಕೆಂಬ ಹಟದಲ್ಲೇ ಜನ ಎರಡನೇ ದಿನ ಕ್ರ್ಯಾಕಿಗೆ ಮರಳುವುದು.

ಸ್ಟೂಡೆಂಟ್ ಲೈಸೆನ್ಸ್‌ನಲ್ಲಿ ಸಂಪಾದನೆ ಕೆಲಸ ಮಾಡಬಹುದಾ?

ಸಾಮಾನ್ಯವಾಗಿ ಇಲ್ಲ. ಆಟೋಡೆಸ್ಕ್‌ನಂಥವರ ಶೈಕ್ಷಣಿಕ ಲೈಸೆನ್ಸ್ ಕಲಿಕೆಗೆ ಮಾತ್ರ, ವರ್ಷಕ್ಕೊಮ್ಮೆ ಅರ್ಹತೆ ಸಾಬೀತು ಮಾಡಬೇಕು. ಓದು ಮುಗಿದ ಮೇಲೂ ಖಾತೆ ತೆರೆದೇ ಇದ್ದರೆ ಹಕ್ಕು ಇದೆಯೆಂದಲ್ಲ.

## ಕಚೇರಿ ನಡೆಸುವವರು ಮತ್ತು ತಂತ್ರಾಂಶ ಬರೆಯುವವರು

ಹತ್ತು ಜನರ ಕಚೇರಿ. ಯಾವುದು ಒರಿಜಿನಲ್ ಯಾವುದು ಅಲ್ಲ ಗೊತ್ತಿಲ್ಲ. ಎಲ್ಲಿಂದ ಶುರು ಮಾಡೋದು?

ಒಂದು ಸ್ಪ್ರೆಡ್‌ಶೀಟ್‌ನಿಂದ. ಸಾಲಿಗೊಂದು ಯಂತ್ರ, ಅದರಲ್ಲಿರುವ ತಂತ್ರಾಂಶ, ಆವೃತ್ತಿ, ಲೈಸೆನ್ಸ್ ಬಗೆ, ರಸೀದಿ ಸಂಖ್ಯೆ, ಯಾರ ಹೆಸರಿನ ಖಾತೆ. ಪುರಾವೆ ಎಂದರೆ ರಸೀದಿ. ಪೆಟ್ಟಿಗೆ, ಹೊಳೆಯುವ ಸ್ಟಿಕ್ಕರ್, ಬರೀ ಕೀ ಇವು ಪರಿಶೀಲನೆಯಲ್ಲಿ ನಿಲ್ಲುವುದು ಕಷ್ಟ. ನೌಕರರ ಸ್ವಂತ ಇಮೇಲಿನಲ್ಲಿ ಕೊಂಡ ಲೈಸೆನ್ಸ್ ಅವರು ಬಿಟ್ಟ ದಿನವೇ ಹೋಗುತ್ತದೆ, ಅದನ್ನು ಕೂಡಲೇ ಕಚೇರಿಯ ಖಾತೆಗೆ ವರ್ಗಾಯಿಸಿ.

ಕ್ರ್ಯಾಕ್‌ಗಿಂತ ಹೆಚ್ಚು ಕಚೇರಿಗಳು ಸಿಕ್ಕಿಹಾಕಿಕೊಳ್ಳುವುದು "ಮನೆ ಬಳಕೆಗೆ ಮಾತ್ರ ಪುಕ್ಕಟೆ" ಎಂಬ ಸಾಲನ್ನು ಓದದೆ. ದೂರದ ಯಂತ್ರವನ್ನು ನಡೆಸುವ ಟೀಮ್‌ವ್ಯೂವರ್ ಹಾಗೆ, ಒಂದು ಯಂತ್ರದೊಳಗೆ ಇನ್ನೊಂದನ್ನು ಓಡಿಸುವ ವರ್ಚುವಲ್‌ಬಾಕ್ಸ್‌ನ ಎಕ್ಸ್‌ಟೆನ್ಷನ್ ಪ್ಯಾಕ್ ಹಾಗೆ. ಮೂಲ ವರ್ಚುವಲ್‌ಬಾಕ್ಸ್ ಓಪನ್ ಸೋರ್ಸ್, ಪ್ಯಾಕ್ ಅಲ್ಲ. ಪ್ರೋಗ್ರಾಮ್ ಬರೆಯುವವರ ಸಾಧನವಾದ ಡಾಕರ್ ಡೆಸ್ಕ್‌ಟಾಪ್ 2021ರಿಂದ 250 ಅಥವಾ ಹೆಚ್ಚು ನೌಕರರಿರುವ, ಇಲ್ಲವೇ ವರ್ಷಕ್ಕೆ 1 ಕೋಟಿ ಡಾಲರ್ ಮೀರಿದ ಆದಾಯದ ಸಂಸ್ಥೆಗಳಿಗೆ ಹಣದ್ದು. ಒರೇಕಲ್ ಜಾವಾದ ಕರಾರು 2019ರಿಂದ ಹಲವು ಬಾರಿ ಬದಲಾಗಿದೆ. ಎಕ್ಲಿಪ್ಸ್ ಟೆಮುರಿನ್‌ನಂಥ ಓಪನ್‌ಜೆಡಿಕೆ (ಜಾವಾದ ಓಪನ್ ಸೋರ್ಸ್ ರೂಪ) ಹಾಕಿಕೊಂಡರೆ ಆ ತಲೆನೋವೇ ಇಲ್ಲ. ಫಾಂಟ್‌ಗಳನ್ನೂ ಪಟ್ಟಿಗೆ ಸೇರಿಸಿ, ಅವಕ್ಕೂ ಲೈಸೆನ್ಸ್ ಇರುತ್ತದೆ.

ಪಟ್ಟಿಯಾದ ಮೇಲೆ ಮೊದಲ ವಾರದ ಕೆಲಸ ಕೊಳ್ಳುವುದಲ್ಲ, ತೆಗೆಯುವುದು. ಬಳಸದೇ ಬಿದ್ದಿರುವುದೇ ಬಹಳ ಇರುತ್ತದೆ.

ನಾನೇ ಸಾಫ್ಟ್‌ವೇರ್ ಬರೆದು ಮಾರ್ತೀನಿ. ಬೀಗ ಬಿಗಿ ಮಾಡಿದ್ರೆ ಜನ ಕೊಳ್ತಾರಾ?

ಬೀಗದಿಂದ ಕೊಳ್ಳುವವರು ಹೆಚ್ಚುವುದು ಸ್ವಲ್ಪ, ಬೇಸತ್ತು ಬಿಡುವವರೂ ಇರುತ್ತಾರೆ. 1980ರ ದಶಕದಲ್ಲಿ ಲೋಟಸ್ 1-2-3 ಎಂಬ ಸ್ಪ್ರೆಡ್‌ಶೀಟ್ ಓಡಿಸಲು ಮೂಲ ಫ್ಲಾಪಿಯನ್ನು ಡ್ರೈವಿನಲ್ಲಿಡಬೇಕಿತ್ತು. ಆ ಫ್ಲಾಪಿ ಕೆಟ್ಟರೆ ಹಣ ಕೊಟ್ಟವರ ಕೆಲಸ ನಿಂತಿತು. ನಕಲು ಮಾಡುವ ಸಾಧನಗಳಂತೂ ಮಾರುಕಟ್ಟೆಯಲ್ಲಿದ್ದವು. ಕೊನೆಗೆ ಲೋಟಸ್ ಆ ರಕ್ಷಣೆಯನ್ನೇ ಕೈಬಿಟ್ಟಿತು. ಯಂತ್ರಕ್ಕೆ ಚುಚ್ಚಿದರಷ್ಟೇ ಪ್ರೋಗ್ರಾಮ್ ಓಡಿಸುವ ಪುಟ್ಟ ಸಾಧನ, ಡಾಂಗಲ್, ಇಂದಿಗೂ ಉಳಿದಿರುವುದು ತುಂಬ ದುಬಾರಿಯಾದ, ಗಿರಾಕಿಗಳು ಕಡಿಮೆಯಿರುವ ತಂತ್ರಾಂಶಗಳಲ್ಲಿ.

ಸಣ್ಣ ತಯಾರಕರಿಗೆ ಸಾಕಾಗುವ ವ್ಯವಸ್ಥೆ: ಗಿರಾಕಿಯ ಹೆಸರು, ಆವೃತ್ತಿ, ಮುಗಿಯುವ ದಿನ ಇರುವ ಪುಟ್ಟ ಲೈಸೆನ್ಸ್ ಕಡತ, ಅದಕ್ಕೆ ನಿಮ್ಮ ಖಾಸಗಿ ಕೀಯಿಂದ ಡಿಜಿಟಲ್ ಸಹಿ (ಇಡಿ25519 ಎಂಬ ಸಹಿ ವಿಧಾನ ಸಾಕು), ಪ್ರೋಗ್ರಾಮಿನೊಳಗೆ ಸಾರ್ವಜನಿಕ ಕೀ. ಇಂಟರ್ನೆಟ್ ಇಲ್ಲದೆಯೂ ಪರಿಶೀಲನೆ ಆಗುತ್ತದೆ, ನಿಮ್ಮ ಸರ್ವರ್ ಮುಚ್ಚಿದರೂ ಗಿರಾಕಿ ಬೀದಿಗೆ ಬೀಳುವುದಿಲ್ಲ. ಯಂತ್ರಕ್ಕೆ ಕಟ್ಟಲೇಬೇಕೆಂದರೆ ಒಂದೆರಡು ಭಾಗ ಬದಲಾದರೂ ಒಪ್ಪುವಂತೆ ಬರೆಯಿರಿ. ನೆಟ್‌ವರ್ಕ್ ಕಾರ್ಡ್ ಬದಲಿಸಿದ್ದಕ್ಕೆ ಪ್ರೋಗ್ರಾಮ್ ಸತ್ತರೆ ಬರುವ ಇಮೇಲ್‌ಗಳಿಗೆ ಉತ್ತರಿಸುವುದರಲ್ಲೇ ನಿಮ್ಮ ಲಾಭ ಕರಗುತ್ತದೆ. ಅವಧಿ ಮುಗಿದ ಮೇಲೆ ಹಳೆಯ ಕಡತಗಳನ್ನು ತೆರೆಯಲು, ರಫ್ತು ಮಾಡಲು ಬಿಡಿ, ಹೊಸದಾಗಿ ಉಳಿಸುವುದನ್ನು ಮಾತ್ರ ತಡೆಯಿರಿ.

ಉಳಿದ ಶ್ರಮವನ್ನು ಪಾವತಿ ಪುಟಕ್ಕೆ ಹಾಕಿ. "ಕೊಳ್ಳಿ" ಒತ್ತಿದಾಗಿನಿಂದ ಕೀ ಕೈಸೇರುವವರೆಗೆ ಎಷ್ಟು ಪುಟ, ಎಷ್ಟು ಖಾನೆ ತುಂಬಬೇಕೆಂದು ಎಣಿಸಿ. ಕಾರ್ಡ್ ಅಲ್ಲದ ಪಾವತಿಯ ದಾರಿಯೂ ಇರಲಿ.

ಎಲ್ಲರೂ ಪುಕ್ಕಟೆ ಬಳಸಿದ್ರೆ ಓಪನ್ ಸೋರ್ಸ್ ಬರೆಯೋರು ಬದುಕೋದು ಹೇಗೆ?

ಹಲವರು ಬೇರೆ ಕೆಲಸದಿಂದ ಬದುಕುತ್ತಾರೆ, ಇದನ್ನು ರಾತ್ರಿ ಬರೆಯುತ್ತಾರೆ. 2014ರ ಏಪ್ರಿಲ್‌ನಲ್ಲಿ ಹಾರ್ಟ್‌ಬ್ಲೀಡ್ ದೋಷ ಹೊರಬಿದ್ದಾಗ, ಅಸಂಖ್ಯ ತಾಣಗಳ ಭದ್ರತೆ ಹೊತ್ತಿದ್ದ ಓಪನ್‌ಎಸ್‌ಎಸ್‌ಎಲ್‌ಗೆ ವರ್ಷಕ್ಕೆ ಬರುತ್ತಿದ್ದ ದೇಣಿಗೆ ಸುಮಾರು 2,000 ಡಾಲರ್ ಎಂಬುದು ಬೆಳಕಿಗೆ ಬಂತು. 2024ರ ಮಾರ್ಚ್‌ನಲ್ಲಿ ಎಕ್ಸ್‌ಜೆಡ್ ಎಂಬ ಕಡತ ಕುಗ್ಗಿಸುವ ಸಾಧನದ 5.6.0 ಮತ್ತು 5.6.1 ಆವೃತ್ತಿಗಳಲ್ಲಿ ಹೊರಗಿನವರು ಗುಟ್ಟಾಗಿ ನುಗ್ಗಬಲ್ಲ ಹಿಂಬಾಗಿಲು ಸಿಕ್ಕಿತು. ದಣಿದಿದ್ದ ಒಬ್ಬನೇ ಸ್ವಯಂಸೇವಕನಿಗೆ ನೆರವಾಗುವ ಸೋಗಿನಲ್ಲಿ ಬಂದವರು ನಿರ್ವಹಣೆಯ ಹಕ್ಕು ಗಳಿಸಿ ಅದನ್ನು ಸೇರಿಸಿದ್ದರು.

ಹಣ ಬರುವುದೇ ಇಲ್ಲವೆಂದಲ್ಲ. 3ಡಿ ಚಿತ್ರ ರಚಿಸುವ ಬ್ಲೆಂಡರ್‌ನ ಹಿಂದಿದ್ದ ಕಂಪನಿ ಮುಚ್ಚಿದಾಗ, 2002ರಲ್ಲಿ ಬಳಕೆದಾರರು ಏಳು ವಾರದಲ್ಲಿ 1,00,000 ಯೂರೊ ಕೂಡಿಸಿ ಅದರ ಸೋರ್ಸ್ ಕೋಡನ್ನು ಬಿಡಿಸಿಕೊಂಡರು. ಮೊತ್ತ ನಿಗದಿಯಾಗಿತ್ತು, ಕೊಟ್ಟರೆ ಏನು ಸಿಗುತ್ತದೆಂದು ಎಲ್ಲರಿಗೂ ಸ್ಪಷ್ಟವಿತ್ತು. ಪುಟದ ಅಡಿಯಲ್ಲಿ "ದೇಣಿಗೆ ನೀಡಿ" ಎಂದು ಸುಮ್ಮನೆ ಇಟ್ಟ ಗುಂಡಿಗೆ ಆ ಬಲ ಇರುವುದಿಲ್ಲ.

ಕಂಪನಿಗಳಿಂದ ಪಡೆಯಬೇಕಾದರೆ ದೇಣಿಗೆ ಎಂಬ ಪದವನ್ನೇ ಬಿಡಿ. ಇಂಜಿನಿಯರ್‌ಗೆ ಕೊಡುವ ಮನಸ್ಸಿದ್ದರೂ ಲೆಕ್ಕಪತ್ರ ವಿಭಾಗಕ್ಕೆ ದೇಣಿಗೆಯನ್ನು ಯಾವ ತಲೆಬರಹದಡಿ ಬರೆಯಬೇಕೆಂದು ತೋಚುವುದಿಲ್ಲ. ವಾರ್ಷಿಕ ಬೆಂಬಲ ಒಪ್ಪಂದ, ಎರಡು ಕೆಲಸದ ದಿನದೊಳಗೆ ಉತ್ತರ, ಹಳೆಯ ಆವೃತ್ತಿಗೆ ಭದ್ರತಾ ತಿದ್ದುಪಡಿ ಎಂದು ಬರೆದು, ಬೆಲೆ ಹಾಕಿ, ತೆರಿಗೆ ವಿವರದ ಸಮೇತ ಇನ್‌ವಾಯ್ಸ್ ಕಳಿಸಿ. ಅದೇ ಮೊತ್ತ, ಅದೇ ಕಂಪನಿ, ಈ ಬಾರಿ ಮೇಲಧಿಕಾರಿಯ ಮೇಜಿನಲ್ಲಿ ನಿಲ್ಲದೆ ದಾಟುತ್ತದೆ.